ಮುರಿದ ಗರಿಯ ಮುದ್ರೆ

ತುಂಡಾದ ಆಕ್ಸಲನ್ನು ಕಾರ್ಯದರ್ಶಿ ಮೇಜಿನ ಮೇಲೆ ಇಟ್ಟಿದ್ದೇನೋ ಮೆಲ್ಲಗೇ. ಆದರೂ ಟಣ್ ಎಂದ ಆ ಸದ್ದು ಮಿಲಿಮೀಟರನ ಕಿವಿಯಲ್ಲಿ ಎಷ್ಟೋ ದಿನ ಕೂತೇ ಇತ್ತು.

ರೇಸ್ ಕಾರಿನ ಬಿಡಿಭಾಗ ಮಾಡುವವರ ಸಂಘದಲ್ಲಿ ಅವನನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಅಳತೆಯಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡುವವನಲ್ಲ, ಅದಕ್ಕೇ ಆ ಹೆಸರು ಎಂಬುದು ಅವನ ಲೆಕ್ಕ. ಅವನ ಮೂಗಿಗೂ ಕೋಪಕ್ಕೂ ನಡುವೆ ಅಷ್ಟೇ ದೂರ ಎಂಬುದು ಉಳಿದವರ ಲೆಕ್ಕ.

"ಅಣ್ಣ, ನಿಮ್ಮ ಆಕ್ಸಲಿನ ಮೊದಲ್ನೇ ಕಂತು ಪಾಸು. ಎರಡ್ನೇದು ಬೇಡ. ತಿರುಚಿ ನೋಡಿದ್ರೆ ಅಲ್ಲೊಂದು ಇಲ್ಲೊಂದು ಹೀಗೆ ಕೈಕೊಡ್ತಿದೆ," ಎಂದ ಕಾರ್ಯದರ್ಶಿ. "ಆ ಕಂತು ಪೂರ್ತಿ ಕತ್ತರಿಸಿಬಿಡಿ. ನಿಯಮ ಗೊತ್ತಲ್ಲ, ನನ್ನೆದುರಿಗೇ ಆಗ್ಬೇಕು."

ಪಕ್ಕದಲ್ಲಿ ಕೂತಿದ್ದ ಮಿಲಿಮೀಟರನ ಭಾಮೈದ ತುಂಡನ್ನು ಕೈಯಲ್ಲಿ ತೂಗಿ ನೋಡಿದ. ಅವನೂ ಆಕ್ಸಲ್ ಮಾಡುವವನೇ. ಅವನ ಮಾಲು ಅಷ್ಟಕ್ಕಷ್ಟೂ ಪಾಸಾಗಿತ್ತು. "ಎಸೀಬೇಡಿ ಭಾವ. ಕಾಗದ ಹಾರದ ಹಾಗೆ ಮೇಲಿಡೋಕೆ ಚೆನ್ನಾಗಿದೆ."

ಕೋಣೆ ತುಂಬಾ ನಗು. 'ನಮ್ಮ ಮಾಲು ಬಿಟ್ಟು ನಮ್ಮ ತಂಡಗಳು ಹೊರದೇಶದಿಂದ ಯಾಕೆ ತರಿಸ್ಕೋಬೇಕು?' ಎಂದು ಇದೇ ಮೇಜು ಗುದ್ದಿ ವರ್ಷಗಟ್ಟಲೆ ಕೂಗಿದವನು ತಾನು. ಅಂಥವನ ಮುಂದೆ ಈ ನಗು! ಅವತ್ತಿನಿಂದ ಅವನು ಸಂಘದ ಸಭೆಗೆ ಕಾಲಿಡಲಿಲ್ಲ. ಕಾಲು ಇಡಲಿಲ್ಲ ಅಷ್ಟೆ, ತಲೆಯೆಲ್ಲ ಅಲ್ಲೇ ಇತ್ತು.

ಆ ತಲೆಗೆ ಹೊಳೆದದ್ದು ಸಂಘದ ಹಳೆಯ ಪದ್ಧತಿಯೊಂದು. ಪಾಸಾದ ಮಾಲಿನ ಮೇಲೆ ಮಾಡಿದವರ ಹೆಸರು ಇರಕೂಡದು, ಸಂಘದ ಮುದ್ರೆ ಮಾತ್ರ. ಎಲ್ಲರದೂ ಗೋದಾಮಿನ ಒಂದೇ ಅಟ್ಟಣಿಗೆಯಲ್ಲಿ ಬೆರೆತು ಕೂರಬೇಕು. ದೊಡ್ಡ ಹೆಸರಿನವನ ಮಾಲು ಮೊದಲು ಖಾಲಿಯಾಗಿ ಚಿಕ್ಕವನದು ತುಕ್ಕು ಹಿಡಿಯಬಾರದೆಂದು ಹಿರಿಯರು ಮಾಡಿಟ್ಟದ್ದು. ಇಷ್ಟು ದಿನ ಅದನ್ನು ಕಂಡರೆ ಅವನಿಗೆ ಮೈಯೆಲ್ಲಾ ಉರಿಯುತ್ತಿತ್ತು. ಈಗ ನೋಡಿದರೆ, ತನಗೆಂದೇ ಮಾಡಿಸಿದ ಹಾಗಿದೆ. ಬೇಡವೆಂದ ಕಂತಿಗೂ ಮುದ್ರೆ ಒತ್ತಿ ಒಳಗೆ ನುಗ್ಗಿಸಿದರೆ, ನಾಳೆ ಯಾವುದಾದರೂ ಆಕ್ಸಲ್ ಮುರಿದರೂ ಇದು ಇಂಥವನದು ಎಂದು ಬೆರಳು ತೋರಿಸುವವರು ಯಾರು?

ಮುದ್ರೆಯೆಂದರೆ ರೆಕ್ಕೆಯಿರುವ ಒಂದು ಚಕ್ರ. ಸಂಘದ ಅಚ್ಚು ಯಾವಾಗಲೋ ಕೈಜಾರಿ ಬಿದ್ದು ರೆಕ್ಕೆಯ ಒಂದು ಗರಿಯ ತುದಿ ಮುಕ್ಕಾಗಿತ್ತು. ಪಾಸಾದ ಆಕ್ಸಲೊಂದನ್ನು ಭೂತಗನ್ನಡಿಯ ಕೆಳಗಿಟ್ಟುಕೊಂಡು, ಗಟ್ಟಿ ಉಕ್ಕಿನಲ್ಲಿ ಅವನು ಅಂಥದೇ ಇನ್ನೊಂದು ಅಚ್ಚನ್ನು ಕೊರೆದ. ನೆಟ್ಟಗಿರುವುದನ್ನು ಯಾರು ಬೇಕಾದರೂ ಕೊರೆದಾರು. ಮುರಿದದ್ದನ್ನು ಮುರಿದ ಹಾಗೇ ಕೊರೆಯುವುದಕ್ಕೆ ಕೈ ಬೇಕು. ಅಸಲಿ ಮುದ್ರೆಯದೊಂದು, ತನ್ನ ಮುದ್ರೆಯದೊಂದು ಆಕ್ಸಲನ್ನು ಊಟದ ಮೇಜಿಗೆ ತಂದು ಹೆಂಡತಿಯ ಮುಂದಿಟ್ಟ.

"ಏನಾದ್ರೂ ವ್ಯತ್ಯಾಸ ಕಾಣುತ್ತಾ?"

"ಎರಡಕ್ಕೂ ಗ್ರೀಸ್ ಮೆತ್ತಿದೆ. ಮೊದ್ಲು ಮೇಜಿಂದ ತೆಗೀರಿ."

ಅವನು ಕಣ್ಣು ಮುಚ್ಚಿ ಎರಡನ್ನೂ ಅದಲುಬದಲು ಮಾಡಿ ಮತ್ತೆ ನೋಡಿದ. ಯಾವುದು ತನ್ನದು? ಊಹೂಂ. ಜನ್ಮದಲ್ಲಿ ಮಾಡಿದ ಯಾವ ಕೆಲಸವೂ ಅವನಿಗೆ ಅಷ್ಟು ಹೆಮ್ಮೆ ತಂದಿರಲಿಲ್ಲ.

ಕತ್ತರಿಸುವ ದಿನ ಕಾರ್ಯದರ್ಶಿ ಬಂದ. ಗರಗಸಕ್ಕೆ ಸಿಕ್ಕಿದ್ದು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಗುಜರಿ ಆಕ್ಸಲುಗಳು. "ಹೊಟ್ಟೆ ಉರಿಯುತ್ತೆ ಅಣ್ಣ, ನೋಡೋಕಾಗಲ್ಲ," ಎಂದು ಆ ಪುಣ್ಯಾತ್ಮ ಟೀ ಲೋಟ ಹಿಡಿದು ಗೋಡೆಯ ಕಡೆ ತಿರುಗಿ ನಿಂತ. ಬೇಡವೆಂದ ಕಂತು ಮುದ್ರೆ ಹೊತ್ತು, ಪಾಸಾದ ಕಂತಿನ ಜೊತೆ ಕಲೆತು, ಗೋದಾಮು ಸೇರಿತು. ಅಚ್ಚನ್ನು ಅವನು ಅವತ್ತೇ ಕುಲುಮೆಗೆ ಹಾಕಿ ಕರಗಿಸಿದ.

ಒಮ್ಮೆ ಮಾತ್ರ ಎದೆಯಲ್ಲಿ ಏನೋ ಚುಚ್ಚಿತು. ಅವನ ಒಬ್ಬಳೇ ಮಗಳು ರೇಸಿನಲ್ಲಿ ಕಾರು ಓಡಿಸುವವಳು. ಆದರೆ ಅವಳ ತಂಡದ ಮಾಲೀಕನಿಗೆ ಹೊರದೇಶದ ಮಾಲೆಂದರೆ ಪ್ರಾಣ. ಇಲ್ಲಿಯ ಒಂದು ಬೋಲ್ಟನ್ನೂ ಮುಟ್ಟುವವನಲ್ಲ. ಅದೇ ಸಿಟ್ಟಿಗೆ ಅವನ ಜೊತೆ ಮಾತು ಬಿಟ್ಟಿದ್ದ ಮಿಲಿಮೀಟರ್, ಈಗ ಮನಸ್ಸಿನಲ್ಲೇ ಅವನಿಗೊಂದು ನಮಸ್ಕಾರ ಹಾಕಿದ. ಉಳಿದ ಕಾರುಗಳಲ್ಲಿ ಕೂರುವವರೂ ಯಾರದೋ ಮಕ್ಕಳು ಎಂಬಲ್ಲಿಯವರೆಗೆ ಲೆಕ್ಕವನ್ನು ಅವನು ಒಯ್ಯಲಿಲ್ಲ.

ರೇಸಿನ ಅಭ್ಯಾಸದ ಮೊದಲ ಬೆಳಿಗ್ಗೆ ಅವನು ಇಸ್ತ್ರಿ ಅಂಗಿ ತೊಟ್ಟು ಟ್ರ್ಯಾಕಿಗೆ ಹೋದ. ಕಾರುಗಳು ಸಾಲಾಗಿ ನಿಂತಿದ್ದವು. ಸಂಘದವರೆಲ್ಲ ಬೇಲಿಗೆ ಒರಗಿದ್ದರು. ಕಾರ್ಯದರ್ಶಿ ಓಡಿಬಂದು ಕೈ ಹಿಡಿದುಕೊಂಡ.

"ಎಲ್ಲಿಗೆ ಹೋಗಿದ್ರಿ ಅಣ್ಣ! ನೀವು ಬರದಿದ್ರೂ ನಿಮ್ಮ ಮಾತು ಗೆಲ್ತು. ಈ ವರ್ಷದಿಂದ ಎಲ್ಲಾ ತಂಡಗಳೂ ನಮ್ಮ ಮುದ್ರೆ ಇರೋ ಮಾಲೇ ಹಾಕ್ಬೇಕು. ಎಲ್ಲರಿಂದ್ಲೂ ಒಪ್ಪಿಸಿಬಿಟ್ವಿ. ಮೊದಲು ಯಾರ ಕಾರಿಗೆ ಹಾಕಿಸ್ದೆ ಹೇಳಿ?"

"ಯಾರದಕ್ಕೆ?"

"ನಿಮ್ಮ ಮಗಳದಕ್ಕೇ!"

"ಯಾರ ಮಾಲು? ನನ್ನದಾ, ಭಾಮೈದಂದಾ?"

"ಅದನ್ನ ಹೇಳೋ ಹಾಗಿದ್ರೆ ಸಂಘ ಯಾಕಣ್ಣ ಬೇಕಿತ್ತು?"

ಅವನು ಮಗಳ ಕಾರಿನ ಬಳಿ ಮೊಣಕಾಲೂರಿದ. ತನ್ನ ಕೈಕೆಲಸ ತನಗೇ ಗೊತ್ತಾಗದೆ ಇರುತ್ತದೆಯೇ? ಚಕ್ರದ ನಡುವಿನಿಂದ ಮುದ್ರೆ ಇಣುಕುತ್ತಿತ್ತು. ಒರೆಸಿದ, ಕನ್ನಡಕ ಏರಿಸಿದ, ಇಳಿಸಿದ. ಗರಿ ಎಷ್ಟು ಮುರಿದಿರಬೇಕೋ ಅಷ್ಟೇ ಮುರಿದಿತ್ತು. ಇದನ್ನು ಬಿಚ್ಚಿಸಿದರೆ ಹಾಕುವುದು ಅದೇ ಅಟ್ಟಣಿಗೆಯ ಇನ್ನೊಂದನ್ನು. "ಏಳಪ್ಪಾ, ಅಂಗಿ ಕೊಳೆಯಾಗುತ್ತೆ," ಎಂದಳು ಮಗಳು ಹೆಲ್ಮೆಟ್ಟಿನೊಳಗಿಂದ ನಗುತ್ತಾ. "ಮುದ್ರೆ ಇದೆಯಲ್ಲ, ಅಷ್ಟೊಂದು ಏನು ನೋಡ್ತೀಯ?" ಇಂಜಿನ್ ಗುಡುಗಿತು. ಗುಜರಿ ತುಂಡಾಗಿತ್ತು, ಅಚ್ಚು ಕರಗಿತ್ತು. ಅವನ ಅಪರಾಧಕ್ಕೆ ಲೋಕದಲ್ಲಿ ಉಳಿದಿದ್ದ ಸಾಕ್ಷಿ ಅವನ ಬಾಯಿಯೊಂದೇ. ಅವನು ಎದ್ದು ಕಾರಿನ ಮುಂದಕ್ಕೆ ಹೋಗಿ, ಎಣ್ಣೆ ಮೆತ್ತಿದ ನೆಲದ ಮೇಲೆ ಇಸ್ತ್ರಿ ಅಂಗಿಯಲ್ಲೇ ಚಕ್ಕಳಮಕ್ಕಳ ಕೂತು, ಭಾಮೈದನೂ ಸೇರಿ ಇಡೀ ಸಂಘ ನೋಡುತ್ತಿರುವಾಗಲೇ, ಕಾರ್ಯದರ್ಶಿಯನ್ನು ಕೈಬೀಸಿ ಕರೆದ.