ಎಡಹುರಿ ಹಗ್ಗ

“ಆ ಹಗ್ಗಕ್ಕೆ ಮಾತ್ರ ಕೈ ಹಾಕ್ಬೇಡಮ್ಮ,” ಎಂದರು ಅತ್ತೆ. “ಮೂರು ವಾರ ಕಳೀಲಿ. ನಾನೇ ಇಳಿಸಿ, ನಾನೇ ಸುಡ್ತೀನಿ. ಇನ್ನೊಬ್ರ ಕೈಗೆ ಹೋಗ್ಬಾರ್ದು ಅದು.”

ತೇರಿಮ್ ನಕ್ಕಳು. ಹೆರಿಗೆಯಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು. “ಹೋದ್ರೆ ಏನಾಗತ್ತೆ ಅತ್ತೆ? ಹಗ್ಗ ಬಂದು ಕಚ್ಚತ್ತಾ?”

ಅತ್ತೆ ಕಡಲಪಾಚಿಯ ಸಾರಿನ ಬಟ್ಟಲನ್ನು ಅವಳ ಮುಂದಿಟ್ಟು, ಬಾಗಿಲೆಳೆದುಕೊಂಡು ಹೊರಗೆ ಹೋದರು.

ಹಗ್ಗ ಗೇಟಿನ ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ಅಡ್ಡಲಾಗಿ ತೂಗುತ್ತಿತ್ತು. ಭತ್ತದ ಹುಲ್ಲಿನ ಹಗ್ಗ. ಹೆಣ್ಣು ಹುಟ್ಟಿದೆಯೆಂದು ಊರಿಗೆ ಹೇಳುವ ಇದ್ದಿಲ ತುಂಡುಗಳು, ಪೈನ್ ಎಲೆಯ ಗೊಂಚಲುಗಳು ಅದರ ಹುರಿಯ ನಡುವೆ ಸಿಕ್ಕಿಕೊಂಡಿದ್ದವು. ತೇರಿಮ್ ಒಳಗೆ ನೋವು ತಿನ್ನುತ್ತಿದ್ದಾಗ ಗಂಡ ಮುನ್‌ಸೊಪ್ ಅಂಗಳದಲ್ಲಿ ಕೂತು ಹೊಸೆದದ್ದಂತೆ. ಅದು ಇರುವ ತನಕ ಹೊರಗಿನವರು ಒಳಗೆ ಬರುವ ಹಾಗಿಲ್ಲ. ಸೊಲ್ಗೊಲ್ ಊರಿನ ಯಾವ ಮನೆಯಲ್ಲಿ ಹೆರಿಗೆಯಾದರೂ ಹೀಗೆಯೇ.

ತೇರಿಮ್ ತೇಗು ಪಟ್ಟಣದ ನೂಲಿನ ಗಿರಣಿಯಲ್ಲಿ ದುಡಿದವಳು. ಹೋದ ವರ್ಷ ಮದುವೆಯಾಗಿ ಈ ಬೆಟ್ಟದ ಸಂದಿಗೆ ಬಂದಾಗ ಇಲ್ಲಿಯ ಮೌನಕ್ಕೆ ಹೆದರಿದ್ದಳು. ಗಿರಣಿಯ ಸದ್ದಿನಲ್ಲಿ ಕಿವಿ ಜಡ್ಡುಗಟ್ಟಿತ್ತು. ಎದೆಯೂ ಜಡ್ಡುಗಟ್ಟಿದೆ ಎನ್ನುವುದು ಗೊತ್ತಾದದ್ದು ಹೆತ್ತ ಮೇಲೆ. ಮಗುವನ್ನು ಪಕ್ಕದಲ್ಲಿ ಮಲಗಿಸಿದರು. ಈಗ ಒಳಗೆ ಏನೋ ಉಕ್ಕುತ್ತದೆ ಎಂದು ಅವಳು ಕಾದಳು. ಏನೂ ಉಕ್ಕಲಿಲ್ಲ. ಬೇರೆ ಯಾರದೋ ಗಂಟನ್ನು ನೋಡಿಕೊಳ್ಳಲು ತನಗೆ ಕೊಟ್ಟು ಹೋದ ಹಾಗಿತ್ತು. ಯೊಂಜು ಎಂದು ಹೆಸರಿಟ್ಟರು. ಇಟ್ಟುಕೊಳ್ಳಲಿ ಎಂದುಕೊಂಡಳು.

ಅತ್ತೆ ಗದ್ದೆಯ ಕಡೆ ಹೋಗಿದ್ದ ಒಂದು ಮಧ್ಯಾಹ್ನ ತೇರಿಮ್ ಮೊದಲ ಸಲ ಅಂಗಳಕ್ಕೆ ಇಳಿದಳು. ಗೇಟಿನ ಹತ್ತಿರ ಬಂದಾಗ ಹಗ್ಗ ಮುಖಕ್ಕೆ ತಾಗಿತು. ಕೂದಲು ಸಿಕ್ಕಿಕೊಂಡಿತು. ಸಿಟ್ಟೂ ಬರಲಿಲ್ಲ, ಸುಮ್ಮನೆ ಜಗ್ಗಿದಳು. ಹಗ್ಗ ಕಿತ್ತು ಬಂತು.

ಓಣಿಯಲ್ಲಿ ಜೆಚೊನ್ ಅಜ್ಜಿ ನಿಂತಿದ್ದಳು. ಜೆಚೊನ್ ಕಡೆಯಿಂದ ಸೊಸೆಯಾಗಿ ಬಂದವಳಾದ್ದರಿಂದ ಊರಿಗೆಲ್ಲ ಅವಳು ಜೆಚೊನ್ ಅಜ್ಜಿ. ಓಣಿಯ ಮೇಲ್ತುದಿಯಲ್ಲಿ ಒಬ್ಬಳೇ ಇದ್ದಳು. ಅವಳಿಗೆ ಕೈ ನಡುಕದ ರೋಗ ಎನ್ನುತ್ತಿದ್ದರು. ಎರಡೂ ಕೈಗಳನ್ನು ಯಾವಾಗಲೂ ಬಟ್ಟೆಯ ಮಡಿಕೆಯೊಳಗೆ ಬಚ್ಚಿಟ್ಟುಕೊಂಡಿರುತ್ತಿದ್ದಳು. ಆ ಬಟ್ಟೆ ಮಾತ್ರ ಒಳಗೊಂದು ಹಕ್ಕಿ ಸಿಕ್ಕಿಬಿದ್ದ ಹಾಗೆ ಅಲ್ಲಾಡುತ್ತಲೇ ಇರುತ್ತಿತ್ತು.

“ಅಜ್ಜಿ, ಇದನ್ನ ತಗೊಂಡು ಒಲೆಗೆ ಹಾಕ್ಕೊಳ್ಳಿ,” ಎಂದಳು ತೇರಿಮ್.

ಅಜ್ಜಿ ಹಗ್ಗವನ್ನೇ ನೋಡಿದಳು. “ನೀನಾಗೇ ಕೊಡ್ತಿದೀಯಾ?”

“ಹ್ಞೂಂ, ನಾನಾಗೇ. ಏನು, ಬಗ್ಗಿ ನಮಸ್ಕಾರ ಮಾಡಿ ಕೊಡ್ಬೇಕಾ?” ತೇರಿಮ್ ಮತ್ತೆ ನಕ್ಕು ಹಗ್ಗವನ್ನು ಅವಳ ತೋಳಿನ ಮೇಲೆ ಎಸೆದಳು.

ಬಟ್ಟೆಯ ಅಲುಗಾಟ ನಿಂತಿತು. ಅಜ್ಜಿ ನಿಧಾನವಾಗಿ ಕೈಗಳನ್ನು ಹೊರಗೆ ತೆಗೆದು, ಅಂಗೈ ಮೇಲೆ ಮಾಡಿ, ಬೇರೆ ಯಾರದೋ ಸಾಮಾನನ್ನು ನೋಡುವ ಹಾಗೆ ನೋಡಿಕೊಂಡಳು. ಆಮೇಲೆ ಹಗ್ಗ ಹಿಡಿದು ಓಣಿ ಹತ್ತಿ ಹೋದಳು. ವಯಸ್ಸಿಗೆ ಮೀರಿದ ಬಿರುಸಿತ್ತು ಆ ನಡಿಗೆಗೆ.

ಸಂಜೆ ಬರಿದಾದ ಕಂಬ ಕಂಡು ಅತ್ತೆ ನೇರ ಒಳಗೆ ಬಂದರು. “ಯಾರಿಗೆ ಕೊಟ್ಟೆ?”

“ಯಾರಿಗೂ ಇಲ್ಲ. ಒಲೆಗೆ ಹಾಕ್ದೆ,” ಎಂದಳು ತೇರಿಮ್. ವಾದ ಮಾಡುವಷ್ಟು ಚೈತನ್ಯ ಅವಳಲ್ಲಿರಲಿಲ್ಲ.

ಬೆಟ್ಟದ ಮೇಲೆ ಮೊದಲ ಹಿಮ ಕಾಣಿಸುವ ಹೊತ್ತಿಗೆ ಯೊಂಜುವಿನ ಕೈಗಳು ಒಂದನ್ನೊಂದು ಕಂಡುಕೊಂಡವು. ಮಗು ಎರಡು ಅಂಗೈಗಳನ್ನು ಜೋಡಿಸಿ ಉಜ್ಜುತ್ತಿತ್ತು. ಒಂದು ಕೈ ಮುಂದೆ, ಒಂದು ಕೈ ಹಿಂದೆ. ಹಾಲು ಕುಡಿಯುವಾಗಲೂ, ನಿದ್ದೆಯಲ್ಲೂ. ನಡುವೆ ತುಟಿ ಮುಂದೆ ಮಾಡಿ ಪುರ್ ಎಂದು ಉಗುಳಿನ ಗುಳ್ಳೆ ಊದುತ್ತಿತ್ತು. ಬಲಗೈಯನ್ನು ಪಕ್ಕಕ್ಕೆ ಚಾಚಿ ಹಾಸಿಗೆಯ ಮೇಲೆ ತಡಕಾಡುತ್ತಿತ್ತು. ಸೊಂಟವನ್ನು ಒಮ್ಮೆ ಮೇಲಕ್ಕೆತ್ತಿ ಇಳಿಸುತ್ತಿತ್ತು. ತಲೆಯ ಹಿಂಭಾಗದ ಕೂದಲು ಉದುರಿ ಬೋಳಾಗುತ್ತಿತ್ತು.

“ನೋಡೇ, ಬೇಡ್ಕೊಳ್ತಿದೆ ಮಗು,” ಎಂದು ಮುನ್‌ಸೊಪ್ ಮೊದಮೊದಲು ನಗುತ್ತಿದ್ದ. “ನಮ್ಮಜ್ಜಿ ಚಂದ್ರನಿಗೆ ಹೀಗೇ ಕೈ ಉಜ್ಜಿ ಬೇಡ್ಕೊಳ್ತಿದ್ಲು.”

ಪೇಟೆಯ ಡಾಕ್ಟರು ಮಗುವನ್ನು ತಿರುಗಿಸಿ ಮುರುಗಿಸಿ ನೋಡಿದರು. “ಕೈ ಇದೆ ಅಂತ ಈಗಷ್ಟೇ ಗೊತ್ತಾಗಿದೆ ಅದಕ್ಕೆ, ಆಡ್ಕೊಳ್ತಿದೆ. ಗುಳ್ಳೆ ಎಲ್ಲಾ ಮಕ್ಕಳೂ ಊದ್ತವೆ. ಸೊಂಟ ಎತ್ತೋದು ಮಗುಚೋಕೆ. ಕೂದ್ಲು ದಿಂಬಿಗೆ ಉಜ್ಜಿ ಹೋಗಿದೆ. ಮೊದಲ್ನೇ ಮಗುನಾ? ಹಾಗಾದ್ರೆ ಸರಿ, ಎಲ್ಲದಕ್ಕೂ ಹೆದರ್ತೀರ.”

ತೇರಿಮ್ ಹೆದರಿರಲಿಲ್ಲ. ಅವಳಿಗೆ ಬೇಕಾದದ್ದು ಉತ್ತರ, ಅದು ಸಿಕ್ಕಿತ್ತು. ಆದರೆ ಮನೆಗೆ ಬಂದು, ಅಡಿಯಲ್ಲಿ ಒಲೆಯ ಶಾಖ ಹಾಯುವ ಬಿಸಿ ನೆಲದ ಮೇಲೆ ಮಗುವನ್ನು ಮಲಗಿಸಿ, ಬೇರೆ ಕೆಲಸವಿಲ್ಲದೆ ನೋಡುತ್ತ ಕೂತಾಗ ಡಾಕ್ಟರು ನೋಡದ ಒಂದನ್ನು ಅವಳು ನೋಡಿದಳು. ಉಜ್ಜುವುದು, ಉಗುಳುವುದು, ತಡಕುವುದು, ಸೊಂಟ ಎತ್ತುವುದು. ಮತ್ತೆ ಉಜ್ಜುವುದು. ಒಂದೊಂದಕ್ಕೂ ಕಾರಣವಿತ್ತು. ಅವು ಬರುತ್ತಿದ್ದ ಕ್ರಮಕ್ಕೆ ಕಾರಣವಿರಲಿಲ್ಲ. ಆ ಕ್ರಮ ಎಂದೂ ತಪ್ಪುತ್ತಿರಲಿಲ್ಲ.

ಇಂಥದ್ದನ್ನು ಅವಳು ಕಂಡಿದ್ದಳು. ಗಿರಣಿಯ ಹಾಸ್ಟೆಲ್ಲಿನಲ್ಲಿ ಸಾಲಾಗಿ ಮಲಗಿದ ಹುಡುಗಿಯರ ಬೆರಳುಗಳು ನಿದ್ದೆಯಲ್ಲೂ ಕಡಿದ ನೂಲನ್ನು ಗಂಟು ಹಾಕುತ್ತಿದ್ದವು. ಅವಳ ಬೆರಳುಗಳೂ ಹಾಕುತ್ತಿದ್ದವಂತೆ. ಇದು ಆಟವಲ್ಲ, ಎಂದುಕೊಂಡಳು. ಇದು ಕೆಲಸ. ಮಗು ಏನೋ ಕೆಲಸ ಮಾಡುತ್ತಿದೆ.

ದಿಂಬನ್ನು ಎತ್ತಿ ಬೆಳಕಿಗೆ ಹಿಡಿದಳು. ಒಂದು ಕೂದಲೂ ಇರಲಿಲ್ಲ. ಹಾಸಿಗೆ ಕೊಡವಿದಳು. ಇರಲಿಲ್ಲ.

ಮಗು ಅಳುವುದನ್ನು ಬಿಟ್ಟಿತು. ಕೆನ್ನೆ ಇಳಿಯಿತು. ಕಣ್ಣುಗಳು ತಾಯಿಯ ಮುಖಕ್ಕೆ ಬರುತ್ತಲೇ ಇರಲಿಲ್ಲ. ದುಡಿದು ದಣಿದವರ ಕಣ್ಣಿನ ಹಾಗೆ ಎಲ್ಲೋ ನೆಟ್ಟಿರುತ್ತಿದ್ದವು.

ಬೇಯಿಸಿ ಕುಟ್ಟಿದ ಸೋಯಾ ಕಾಳನ್ನು ಇಟ್ಟಿಗೆಯಂತೆ ತಟ್ಟಿ, ಹುದುಗು ಬರಲೆಂದು ಸೂರಿಗೆ ತೂಗುಹಾಕುವ ದಿನ ಬಂತು. ಮನೆಯ ತುಂಬ ಬೆಂದ ಕಾಳಿನ ಹಸಿ, ಒಗರು ವಾಸನೆ. ಹೊರಗೆ ಹಿಮ ಬೀಳುತ್ತಿತ್ತು. ಕಾಗದದ ಬಾಗಿಲಿನಿಂದ ಬೂದು ಬೆಳಕು ಬರುತ್ತಿತ್ತು. ಅತ್ತೆ ಮುದ್ದೆ ತಟ್ಟುತ್ತಿದ್ದರು. ಕಟ್ಟಲು ಹಗ್ಗ ಬೇಕೆಂದು ಮುನ್‌ಸೊಪ್ ಒಂದು ಹೊರೆ ಹುಲ್ಲು ತಂದು ಕೂತ. ತೇರಿಮ್ ಯಾರಾದರೂ ಹಗ್ಗ ಹೊಸೆಯುವುದನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

ಅವನು ಎರಡು ಎಳೆ ಹುಲ್ಲನ್ನು ಅಂಗೈಗಳ ನಡುವೆ ಇಟ್ಟು ಉಜ್ಜಿದ. ಸರ್. ಸರ್. ಅಂಗೈಗೆ ಉಗುಳಿಕೊಂಡ. ಬಲಗೈಯನ್ನು ಪಕ್ಕಕ್ಕೆ ಚಾಚಿ, ನೋಡದೆಯೇ ಇನ್ನೊಂದಿಷ್ಟು ಹುಲ್ಲು ತಡಕಿ ತೆಗೆದ. ಹೊಸೆದ ಹಗ್ಗವನ್ನು ಹಿಂದಕ್ಕೆ ಎಳೆಯಲು ಸೊಂಟವನ್ನು ಒಮ್ಮೆ ಎತ್ತಿ ಇಳಿಸಿದ. ಮತ್ತೆ ಉಜ್ಜಿದ.

ತೇರಿಮ್ ಗಂಡನನ್ನು ನೋಡಿದಳು. ಮಗುವನ್ನು ನೋಡಿದಳು. ಸರ್. ಸರ್. ಒಂದೇ ಲಯ.

“ಅತ್ತೆ, ಮಗು ಹಗ್ಗ ಹೊಸೀತಿದೆ,” ಎಂದಳು. ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. ಅಕ್ಕಿ ಮುಗಿದಿದೆ ಎಂದು ಹೇಳಿದ ಹಾಗಿತ್ತು.

ಮುನ್‌ಸೊಪ್‌ನ ಕೈ ನಿಂತಿತು. ಮಗುವಿನ ಕೈ ನಿಲ್ಲಲಿಲ್ಲ. ಅವನು ಹತ್ತಿರ ಬಂದು ಬಗ್ಗಿ ನೋಡಿದ. ತನ್ನ ಅಂಗೈಗಳನ್ನು ಒಮ್ಮೆ ಉಜ್ಜಿ ಹೋಲಿಸಿದ. “ನಾನು ಈಗ ಬಲಕ್ಕೆ ಹೊಸೀತಿದೀನಿ. ಇದು ಎಡಕ್ಕೆ.”

ಅತ್ತೆಯ ಕೈಯಲ್ಲಿದ್ದ ಮುದ್ದೆ ನೆಲಕ್ಕೆ ಬಿತ್ತು. ಎಡಕ್ಕೆ ಹೊಸೆದ ಹಗ್ಗಕ್ಕೆ ಎರಡೇ ಜಾಗ ಎಂದು ಆ ಊರಿನಲ್ಲಿ ಎಲ್ಲರಿಗೂ ಗೊತ್ತು. ಹೆತ್ತ ಮನೆಯ ಬಾಗಿಲು. ಇಲ್ಲವೇ ಹೆಣ.

“ಆ ಹಗ್ಗ ಏನ್ಮಾಡ್ದೆ? ನಿಜ ಹೇಳು.”

“ಜೆಚೊನ್ ಅಜ್ಜಿಗೆ ಕೊಟ್ಟೆ.”

ಅತ್ತೆ ಚಪ್ಪಲಿಯನ್ನೂ ಮೆಟ್ಟದೆ ಹಿಮದಲ್ಲಿ ಓಡಿದರು. ಮಗುವನ್ನು ಗಂಡನ ತೋಳಿಗೆ ಕೊಟ್ಟು ತೇರಿಮ್ ಹಿಂದೆಯೇ ಹೋದಳು.

ಅಜ್ಜಿಯ ಮನೆಯಲ್ಲಿ ಹಾಡುಹಗಲಲ್ಲೂ ಕತ್ತಲು. ಮುಗ್ಗಲು ಹುಲ್ಲು, ಇಲಿಯ ಉಚ್ಚೆ, ಹಸಿ ಮಣ್ಣಿನ ವಾಸನೆ. ಕಣ್ಣು ಹೊಂದಿಕೊಂಡಾಗ ಗೋಡೆಗಳು ಗೋಡೆಗಳಲ್ಲ ಎಂದು ತಿಳಿಯಿತು. ಅವು ಹಗ್ಗದ ಸಿಂಬಿಗಳು. ನೆಲದಿಂದ ಸೂರಿನವರೆಗೆ, ಒಂದರ ಮೇಲೊಂದು, ಕಪ್ಪಿಟ್ಟು ಕೊಳೆತವು. ನಡುವೆ ಅಜ್ಜಿ ಕೂತು ಹಣ್ಣಾದ ಪರ್ಸಿಮನ್ ತಿನ್ನುತ್ತಿದ್ದಳು. ರಸ ಮೊಣಕೈಗೆ ಇಳಿದಿತ್ತು. ಕೈಗಳು ಅಲುಗುತ್ತಿರಲಿಲ್ಲ.

“ನನ್ನ ಮಗೂಗೆ ಏನ್ಮಾಡಿದ್ರಿ?” ಎಂದಳು ತೇರಿಮ್.

“ನೀನು ಕೊಟ್ಟೆ. ನಾನು ಬದ್ಲಿಗೆ ನನ್ನ ಕೈಯ ಕೆಲ್ಸ ಕೊಟ್ಟೆ.” ಅಜ್ಜಿ ಬೆರಳು ನೆಕ್ಕಿದಳು. “ನನ್ನ ಮಗ ಕೂಸಾಗಿದ್ದಾಗ ಹಾಸಿಗೇಲಿ ಮಲ್ಕೊಂಡು ಹೀಗೇ ಹೊಸೀತಿದ್ದ. ನಾನು ಕೈಯೊಡ್ಡಿ ಈಸ್ಕೊಂಡೆ. ಅವನು ಬೆಳೆದ, ಯುದ್ಧಕ್ಕೆ ಹೋದ, ಸತ್ತ. ಹಗ್ಗ ನಿಲ್ಲಲಿಲ್ಲ. ಉಣ್ಣೋಕೂ ನೆರೆಯವರೇ ಬಂದು ತಿನ್ನಿಸ್ಬೇಕಿತ್ತು. ನೋಡು, ಈ ಹಣ್ಣು ನಾನೇ ಕಿತ್ತು ತಿಂದೆ.”

“ಹಗ್ಗ ಯಾರಿಗೆ?”

“ಗೊತ್ತಿಲ್ಲ ಕಣಮ್ಮ. ನನಗೆ ಹೇಳ್ದವಳಿಗೂ ಗೊತ್ತಿರ್ಲಿಲ್ಲ.”

ಮೂಲೆಯಲ್ಲಿ ಸರ್ ಎಂದಿತು.

ಅಲ್ಲೊಂದು ಮೊಳೆಗೆ ತೇರಿಮ್ ಕಿತ್ತುಕೊಟ್ಟ ಹಗ್ಗ ನೇತುಬಿದ್ದಿತ್ತು. ಅದರ ತುದಿಯಿಂದ ಇನ್ನೊಂದು ಹಗ್ಗ ಹೊರಟಿತ್ತು. ದಾರದಷ್ಟು ಸಣ್ಣದು, ಉಗುಳಿನಿಂದ ಒದ್ದೆಯಾದದ್ದು. ಯಾರೂ ಮುಟ್ಟದೆಯೇ ಅದು ಎಡಕ್ಕೆ ತಿರುಗುತ್ತ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಉದ್ದವಾಗುತ್ತಿತ್ತು. ತೇರಿಮ್ ಬಗ್ಗಿ ನೋಡಿದಳು. ಹುಲ್ಲಲ್ಲ. ಹಸುಗೂಸಿನ ಮೃದು ಕೂದಲು.

“ನಂಗೆ ಕೊಡು ಅದನ್ನ,” ಎಂದು ಅತ್ತೆ ಕೈ ಚಾಚಿದರು. “ನಾನು ಮುದುಕಿ, ನಂಗೇನು.”

“ಕಿತ್ತು ಕೊಟ್ಟವಳು ನೀನಲ್ಲ,” ಎಂದಳು ಅಜ್ಜಿ. “ಅವಳು ಕೈಯೊಡ್ಡಿದ್ರೆ ಅವಳಿಗೆ ಬರತ್ತೆ. ಇಲ್ದಿದ್ರೆ ಸುಮ್ನೆ ಇರಿ. ಕೂದ್ಲು ಮುಗಿಯೋಕೆ ಬಂತು. ಮುಗಿದ್ರೆ ಗಂಟು ಬೀಳತ್ತೆ.”

ಆಗ ಓಣಿಯ ಕೆಳಗಿನಿಂದ ಮುನ್‌ಸೊಪ್‌ನ ಕೂಗು ಕೇಳಿತು. ಮಾತಿಲ್ಲದ ಕೂಗು. ಹತ್ತಿರ ಬಂತು. ಬಾಗಿಲು ದಡಾರನೆ ತೆರೆಯಿತು. ಅವನ ತೋಳಲ್ಲಿ ಮಗು. ಮುಖ ನೀಲಿ. ಕತ್ತಿನ ಸುತ್ತ ಸಣ್ಣ ಕೆಂಪು ಗೆರೆ. ಅಲ್ಲಿ ಹಗ್ಗವಿಲ್ಲ. ಗೆರೆ ಮಾತ್ರ ಇತ್ತು. ಅದು ಆಳಕ್ಕಿಳಿಯುತ್ತಿತ್ತು. ಕೈಗಳು ಆಗಲೂ ಉಜ್ಜುತ್ತಿದ್ದವು. ಮೂಲೆಯಲ್ಲಿ ಸರ್. ಸರ್. ಸರ್. ಹಗ್ಗದ ತುದಿ ಬಾಗಿತು. ಕುಣಿಕೆಯಾಯಿತು.

ತೇರಿಮ್ ಯೋಚಿಸಲಿಲ್ಲ. ಪ್ರೀತಿಯೂ ನೆನಪಾಗಲಿಲ್ಲ. ಕಡಿದ ನೂಲು ಕಂಡಾಗ ಕೈ ತಾನಾಗಿ ಹೋಗುವ ಹಾಗೆ ಹೋಯಿತು. ಒದ್ದೆ ತುದಿಯನ್ನು ಹಿಡಿದಳು. ಅಂಗೈಗಳ ನಡುವೆ ಇಟ್ಟಳು. ಉಜ್ಜಿದಳು. ಎಡಕ್ಕೆ. ಕೈಯೊಳಗೆ ಮಂಜುಗಡ್ಡೆ ಸುರಿದ ಹಾಗಾಯಿತು. ಉಗುಳಿದಳು. ತಡಕಿದಳು. ಹುಲ್ಲು ಸಿಕ್ಕಿತು. ಕೂದಲಿಗೆ ಹುಲ್ಲು ಸೇರಿತು. ಕುಣಿಕೆ ಬಿಚ್ಚಿತು.

ಮಗು ಕಿಟಾರನೆ ಕಿರುಚಿತು. ತಿಂಗಳುಗಳ ಅಳುವೆಲ್ಲ ಒಟ್ಟಿಗೆ ಬಂತು. ಅದರ ಕೈಗಳು ಗಾಳಿಯಲ್ಲಿ ಬಿಡಿಬಿಡಿಯಾಗಿ ಬಡಿದಾಡಿದವು, ಎಲ್ಲ ಮಕ್ಕಳ ಕೈಗಳ ಹಾಗೆ.

ಜೆಚೊನ್ ಅಜ್ಜಿ ಹಿಮ ಕರಗುವ ಮೊದಲೇ ನಿದ್ದೆಯಲ್ಲಿ ಸತ್ತಳು. ಪೇಟೆಯ ಡಾಕ್ಟರು ಮಗುವನ್ನು ನೋಡಿ ಮುನ್‌ಸೊಪ್‌ನ ಬೆನ್ನು ತಟ್ಟಿದರು. “ನಾನು ಹೇಳಿರ್ಲಿಲ್ವಾ? ತಾನಾಗೇ ಹೋಗತ್ತೆ ಅಂತ.” ಯೊಂಜುವಿಗೆ ಕೂದಲು ಬಂತು, ಕೆನ್ನೆ ತುಂಬಿತು. ಅವಳು ಮಗುಚಿದಳು, ತೆವಳಿದಳು.

ತೇರಿಮ್ ಬಿಸಿ ನೆಲದ ತುದಿಯಲ್ಲಿ, ಹುಲ್ಲಿನ ಹೊರೆಯ ಪಕ್ಕದಲ್ಲಿ ಕೂತು ಹೊಸೆಯುತ್ತಲೇ ಇರುತ್ತಾಳೆ. ಮೊದಲು ಅಂಗೈ ಸುಲಿದು ರಕ್ತ ಬರುತ್ತಿತ್ತು. ಈಗ ಚರ್ಮ ತೊಗಲಾಗಿದೆ. ಅತ್ತೆ ಅನ್ನ ಕಲಸಿ ಬಾಯಿಗಿಡುತ್ತಾರೆ. ಒಂದು ದಿನ ಹಾಗೆ ತಿನ್ನಿಸುತ್ತ, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಕೆಳಗಿನ ಕೇರಿಗೆ ಹೊಸ ಸೊಸೆ ಬಂದಿದಾಳಂತೆ. ಪಟ್ಟಣದವಳು. ಬಸುರಿ. ಇದನ್ನೆಲ್ಲ ನಂಬಲ್ಲ, ನಗ್ತಾಳೆ ಅಂತಾರೆ.”

ತೇರಿಮ್ ಅನ್ನ ನುಂಗಿದಳು. ತಾನು ಬೇಡ ಎನ್ನಲಿಲ್ಲ ಎನ್ನುವುದು ಅವಳಿಗೆ ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು. ಹೊಳೆದರೂ ಒಳಗೆ ಏನೂ ಕದಲಲಿಲ್ಲ.

ಆ ಮಧ್ಯಾಹ್ನ ಯೊಂಜು ತೆವಳುತ್ತ ಬಂದು ಅವಳ ಮೊಣಕಾಲು ಹಿಡಿದು ನಿಂತಳು. ಮೊದಲ ಸಲ ನಿಂತದ್ದು. ಎತ್ತಿಕೋ ಎಂದು ಎರಡೂ ತೋಳು ಮೇಲೆ ಚಾಚಿ ತಾಯಿಯ ಮುಖವನ್ನೇ ನೋಡಿದಳು. ತೇರಿಮ್‌ಳ ಕೈಗಳು ಹೊಸೆಯುತ್ತ ಮುಂದೆ ಹೋದವು, ಹಿಂದೆ ಬಂದವು. ಮಗು ಕಾಯಿತು. ಇನ್ನೊಂದಿಷ್ಟು ಹೊತ್ತು ಕಾಯಿತು. ತೋಳುಗಳು ಮೆಲ್ಲಗೆ ಇಳಿದವು. ಅದು ಕುಳಿತುಕೊಂಡಿತು, ತಿರುಗಿತು, ಅಡುಗೆಮನೆಯ ಕಡೆ ತೆವಳುತ್ತ ಹೋಗಿ ಅತ್ತೆಯ ಲಂಗದ ಅಂಚು ಹಿಡಿದು “ಅಮ್ಮ” ಎಂದಿತು.