ಏಳು ತಿಂಗಳ ಸೀಸ

“ಕೈ ತೆಗಿ! ಪಿಯಾನೋ ಮುಟ್ಟಬೇಡ!”

ಖಾಲಿ ಸಭಾಂಗಣದಲ್ಲಿ ಅವಳ ಕೂಗು ಕೊನೆಯ ಸಾಲಿನ ಕುರ್ಚಿಗಳವರೆಗೂ ಹೋಗಿ ವಾಪಸ್ ಬಂತು. ಕಾರ್ಯಕ್ರಮಕ್ಕೆ ಇನ್ನು ನಾಲ್ಕೇ ಗಂಟೆ. ಇಪ್ಪತ್ತು ವರ್ಷ ಬೆರಳು ಸವೆಸಿ ಗಳಿಸಿದ ವೇದಿಕೆ ಇದು. ಆದರೆ ಬೆಳಗಿನಿಂದ ಮೂರು ಸಲ, ಅದೇ ಜಾಗದಲ್ಲಿ, ಬಲಗೈಯ ಉಂಗುರ ಬೆರಳು ಸೋತಿತ್ತು.

“ಕೀಗಳು ಕಲ್ಲಾಗಿವೆ! ಏನು ಮಾಡಿದೀಯ ಇದಕ್ಕೆ?”

ಶ್ರುತಿ ಮಾಡುವವನು ಸಲಕರಣೆಯ ಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದ. ಆರು ವರ್ಷದಿಂದ ಅವಳ ಪಿಯಾನೋ ನೋಡಿಕೊಳ್ಳುತ್ತಿದ್ದವನು ಅವನೇ. ಮುಂದಿನ ತಿಂಗಳು ಅವಳನ್ನು ಮದುವೆಯಾಗಲಿದ್ದವನೂ ಅವನೇ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ವೇದಿಕೆಯ ಅಂಚಿನಲ್ಲಿ ಹೂವಿನ ಕುಂಡ ಸರಿಸುತ್ತಿದ್ದ ಅಕ್ಕ ನಕ್ಕಳು. ತಂಗಿಯ ಕಾರ್ಯಕ್ರಮಗಳ ಏರ್ಪಾಡೆಲ್ಲ ಅವಳದೇ. “ಗಂಡ ಹೆಂಡ್ತಿ ಜಗಳಕ್ಕೆ ಇನ್ನೂ ಒಂದು ತಿಂಗಳು ಟೈಮಿದೆ ಕಣೇ. ಮೊದಲು ನುಡಿಸು.”

ಅವನು ನಗಲಿಲ್ಲ.

“ಈ ಪಿಯಾನೋ ಸರಿಯಾಗೇ ಇದೆ. ಸರಿ ಇಲ್ಲದ್ದು... ನಿನ್ನ ಮನೇದು.”

“ಏನಂದೆ?”

“ಅದರ ಒಂದೊಂದು ಕೀಯೊಳಗೂ ಸೀಸದ ಬಿಲ್ಲೆ ಕೂರಿಸಿದೀನಿ. ಮುಂಭಾಗ ಭಾರ ಆದ್ರೆ ಮುಟ್ಟಿದ್ರೆ ಸಾಕು, ಕೀ ಇಳಿಯುತ್ತೆ. ಪ್ರತಿ ತಿಂಗಳೂ ಒಂದಿಷ್ಟು... ಏಳು ತಿಂಗಳಾಯ್ತು.”

ಅಕ್ಕನ ಕೈ ಕುಂಡದ ಮೇಲೇ ನಿಂತಿತು.

“ಯಾಕೆ?” ಎಂದಳು ತಂಗಿ.

“ಆ ಬೆರಳು ಸೋಲ್ತಿತ್ತು. ನಿನಗೆ ಗೊತ್ತಾಗೋ ಮೊದಲೇ ನನ್ನ ಕಿವಿಗೆ ಗೊತ್ತಾಯ್ತು. ಹೇಳೋಕೆ ಬಾಯಿ ಬರ್ಲಿಲ್ಲ ಕಣೇ... ನೀನು ಅಳೋದು ನೋಡೋಕಾಗಲ್ಲ ನಂಗೆ!”



ಏಳು ತಿಂಗಳು! ‘ನನ್ನ ಕೈ ಎಂದಿಗಿಂತ ಹಗುರಾಗಿದೆ’ ಎಂದು ಬೀಗಿದ್ದೆನಲ್ಲ... ಹಗುರಾಗಿದ್ದು ಕೈಯಲ್ಲ, ಕೀಗಳು! ಲೋಟ ಜಾರಿ ಬಿದ್ದಾಗ ‘ದಣಿವು ಬಿಡು’ ಎಂದವನು ಇವನು. ಅಂಗಿಯ ಗುಂಡಿ ಹಾಕಿಕೊಳ್ಳಲಾಗದಾಗ ನಗುತ್ತಾ ತಾನೇ ಹಾಕಿಕೊಟ್ಟವನು. ಎಲ್ಲ ಗೊತ್ತಿದ್ದೇ!

ಬಲಗೈಯನ್ನು ದೀಪದ ಕೆಳಗೆ ಚಾಚಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಬತ್ತಿ ಗುಳಿ ಬಿದ್ದಿತ್ತು. ಯಾರದೋ ಮುದುಕಿಯ ಕೈ ನೋಡಿದಂತಾಯಿತು.

“ಡಾಕ್ಟರ್ ಹತ್ರ ಹೋಗೋಕೆ ಏಳು ತಿಂಗಳಿತ್ತು ನನಗೆ.”

ಈ ಸಲ ಕೂಗಲಿಲ್ಲ. ಕೂಗದೇ ಇದ್ದದ್ದೇ ಅವನನ್ನು ಹೆದರಿಸಿತು. ಕುಸಿದು ಮಂಡಿಯೂರಿದ.

“ಇನ್ನೂ ನಾಲ್ಕು ಗಂಟೆ ಇದೆ. ನಡುವಿನ ಕೀಗಳಿಗಾದ್ರೂ ಬಿಲ್ಲೆ ಅಂಟಿಸ್ತೀನಿ. ಬೆಣ್ಣೆ ಹಾಗೆ ಇಳಿಯುತ್ತೆ. ಯಾರಿಗೂ ಗೊತ್ತಾಗಲ್ಲ... ಹೂಂ ಅನ್ನು!”

ಅನ್ನು... ಒಂದೇ ಸಂಜೆ... ಎಂದು ಅವಳ ಮನಸ್ಸೂ ಪಿಸುಗುಟ್ಟಿತು.

ಬಾಗಿ ಅವನ ಕೆನ್ನೆ ಮುಟ್ಟಿದಳು. ಉಂಗುರ ಬೆರಳಿಗೆ ಆ ಕೆನ್ನೆಯ ಬಿಸಿ ತಾಗಲೇ ಇಲ್ಲ.

“ಪ್ರೀತಿಸ್ತೀಯಾ ನನ್ನ?”

“ಪ್ರಾಣಕ್ಕಿಂತ ಹೆಚ್ಚು!”

“ನಾನೂ ಅಷ್ಟೇ ಕಣೋ. ಅದಕ್ಕೇ ಭಯ. ನಾಳೆ ನನಗೆ ಇನ್ನೇನಾದ್ರೂ ಆದ್ರೂ ನೀನು ಹೇಳಲ್ಲ. ನಗ್ತಾ ಇರ್ತೀಯ.”

“ಇನ್ಮೇಲೆ ಹೇಳ್ತೀನಿ... ಆಣೆ!”

ಅವಳು ಅಕ್ಕನತ್ತ ತಿರುಗಿದಳು. “ಅಕ್ಕಾ, ಕಾರ್ಯಕ್ರಮ ಇಲ್ಲ ಅಂತ ಹೇಳಿಬಿಡು,” ಎಂದು ಮೆಟ್ಟಿಲಿಳಿದಳು.

“ತಡಿ! ಆಸ್ಪತ್ರೆಗೆ ನಾನೂ ಬರ್ತೀನಿ!” ಅವನು ಎದ್ದು ಹಿಂದೆ ಓಡಿದ.

“ಬೇಡ. ಡಾಕ್ಟರ್ ಹೇಳೋದನ್ನ ನನ್ನ ಕಿವಿಯಿಂದಲೇ ಕೇಳ್ಬೇಕು.”

“ಆಮೇಲೆ... ಬರ್ತೀಯಲ್ಲ?”

ಬಾಗಿಲ ಬಳಿ ಅರೆಗಳಿಗೆ ನಿಂತಳು. ಕಣ್ಣು ತುಂಬಿತ್ತು.

“ಊಟ ಮಾಡು. ಬೆಳಗಿನಿಂದ ಏನೂ ತಿಂದಿಲ್ಲ ನೀನು.”

ಬಾಗಿಲು ಮುಚ್ಚಿಕೊಂಡಿತು.

ಅವಳು ಆ ಸಂಜೆ ಬರಲಿಲ್ಲ. ಮದುವೆಯ ದಿನವೂ ಬರಲಿಲ್ಲ.