ಕೋರ್ಜೋಕಿಗೆ ಮೊದಲೇ ಹೋದವನು

ಲೇಹ್‌ನಲ್ಲಿ ನಾನು ಪ್ರವಾಸಗಳನ್ನು ಏರ್ಪಡಿಸುತ್ತೇನೆ. ನಮ್ಮ ಡ್ರೈವರ್ ಸ್ಕರ್ಮಾ ಚಳಿಗಾಲದಲ್ಲಿ ಘಾಟಿಯ ಹಿಮದಲ್ಲಿ ಸಿಕ್ಕಿ ತೀರಿಕೊಂಡ. ಅವನ ಚಿತೆಯ ಪಕ್ಕ ನಾನೇ ನಿಂತಿದ್ದೆ. ಅವನ ಹೆಂಡತಿ ಯಾಂಗ್ಡೋಲ್ ಈಗ ನನ್ನ ಆಫೀಸಿನಲ್ಲಿದ್ದಾಳೆ.

ಜೂನ್ ಪ್ರವಾಸದ ದಾರಿಯನ್ನು ನಾವಿಬ್ಬರೂ ಕೂತು ಗೊತ್ತುಮಾಡಿದೆವು. ಸರೋವರದ ದಡದ ಕೋರ್ಜೋಕ್‌ನಲ್ಲಿ ಕೋಣೆ ಬೇಕೆಂದು ಅಲ್ಲಿ ಪ್ರವಾಸಿಗಳಿಗೆ ಮನೆ ಕೊಡುವ ಅಜ್ಜಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದೆ.

"ಮತ್ತೆ ಯಾಕೋ ಕೇಳ್ತೀಯ? ಬೆಳಿಗ್ಗೆ ನಿಮ್ಮ ಸ್ಕರ್ಮಾ ಬಂದು ಆರು ಜನ ಅಂತ ಹೇಳಿ ಹೋದ್ನಲ್ಲ," ಎಂದಳು. "ಒಲೆ ಪಕ್ಕನೇ ಕೂತಿದ್ದ. ಕೈ ಮಾತ್ರ ಬೆಚ್ಚಗಾಗ್ಲೇ ಇಲ್ಲ, ಪಾಪ."

ಅವನ ಸಾವಿನ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. ಆರು ಜನ ಎಂಬುದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಯಾಂಗ್ಡೋಲ್ ಫೋನ್ ಕಸಿದುಕೊಂಡಳು. "ಅಬಿ-ಲೆ, ಅಜ್ಜಿ, ಅವ್ರು ಏನಾದ್ರೂ ತಿಂದ್ರಾ?"

"ಎರಡು ಬಟ್ಟಲು ತುಕ್ಪಾ ಕುಡಿದ ಕಣೇ. ಹಸಿದಿದ್ದ."

ಅವಳು ಫೋನ್ ಕೆಳಗಿಟ್ಟು, ಅಂಗೈಯಿಂದಲೇ ಕಣ್ಣು ಒರೆಸಿಕೊಂಡಳು.

ಫೋನ್ ಮಾಡಿದ ಹನ್ನೊಂದನೇ ದಿನ ನಾನು ಪ್ರವಾಸಿಗಳೊಂದಿಗೆ ಅಲ್ಲಿಗೆ ಹೋದೆ. ಅಜ್ಜಿ ಒಲೆಯ ಮೇಲಿನ ಹಗ್ಗದಿಂದ ಉಣ್ಣೆಯ ಕಾಲುಚೀಲ ತೆಗೆದು ಕೊಟ್ಟಳು. "ಒಣಗೋಕೆ ಹಾಕಿ ಮರೆತು ಹೋಗಿದ್ದಾನೆ ನಿಮ್ಮವನು."

ಯಾಂಗ್ಡೋಲ್ ಹೆಣೆದದ್ದೇ. ಅಷ್ಟು ದಿನ ಉರಿಯುವ ಒಲೆಯ ಮೇಲಿದ್ದರೂ ಒದ್ದೆಯಾಗಿತ್ತು. ಹಿಂಡಿದರೆ ಹಿಮದಷ್ಟು ತಣ್ಣಗಿನ ನೀರು ಇಳಿಯಿತು.